ಇಲಿಯಲ್ಲಿ ಶುಗರ್ ಇಳಿಯಿತು, ಮಾವನ ಮಾತ್ರೆ ಬಿಡಿಸಬಹುದೇ?

ಪ್ರಶ್ನೆ: ನಾವು ವಿರಾಜಪೇಟೆ ಹತ್ತಿರದ ಕಾಫಿ ಬೆಳೆಗಾರರು. ನಮ್ಮ ಮಾವನವರಿಗೆ 64 ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈಗ ಕೆಲವು ತಿಂಗಳಿಂದ ಪರಿಚಯದವರು ಕೊಟ್ಟ ಪುಡಿಯನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ತಿನ್ನುತ್ತಿದ್ದಾರೆ. ಅದರಲ್ಲಿ ಏಕನಾಯಕದ ಬೇರು, ಮಧುನಾಶಿನಿ ಎಲೆ ಇದೆಯಂತೆ. ಶುಗರ್ ಇಳಿದಿದೆ, ಇನ್ನು ಮಾತ್ರೆ ಬಿಡುತ್ತೇನೆ ಅನ್ನುತ್ತಾರೆ. ಮಗಳು ಎಂ.ಫಾರ್ಮಾ ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಒಂದು ಕಾಡುಸೊಪ್ಪಿನ ಸಾರ ಕೊಟ್ಟ ಇಲಿಗಳಲ್ಲಿ ಸಕ್ಕರೆ ಅರ್ಧಕ್ಕೆ ಇಳಿಯಿತಂತೆ. ಇಷ್ಟೆಲ್ಲ ಗೊತ್ತಿದ್ದೂ ಇವು ಯಾಕೆ ಔಷಧಿಯಾಗಿ ಬರುತ್ತಿಲ್ಲ? ಕಂಪನಿಗಳು ತಡೆಯುತ್ತಿವೆಯಾ? ಮಗಳು ಕೊಡಗಿನಲ್ಲಿ ನಾವು ಮಳೆಗಾಲದಲ್ಲಿ ತಿನ್ನುವ ಮದ್ದುಸೊಪ್ಪಿನ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದಾಳೆ. ಅದರಲ್ಲಿ ಅರ್ಥ ಇದೆಯಾ?

ಉತ್ತರ: ಮೊದಲು ಮಾವನವರ ವಿಷಯ ಹೇಳಿಬಿಡುತ್ತೇನೆ. ಅದು ಕಾಯುವಂಥದ್ದಲ್ಲ.

ಅವರು ತಾವಾಗಿ ಮಾತ್ರೆ ಬಿಡಬಾರದು. ಪುಡಿ ತಿನ್ನುತ್ತಿರುವ ವಿಷಯವನ್ನು ಡಾಕ್ಟರಿಗೆ ಈ ವಾರವೇ ತಿಳಿಸಬೇಕು. ಬೈಸಿಕೊಳ್ಳಬೇಕಾಗುತ್ತದೆ ಅಂತ ತುಂಬಾ ಜನ ಇದನ್ನು ಮುಚ್ಚಿಡುತ್ತಾರೆ. ಹಾಗೆ ಮಾಡಬೇಡಿ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದರ ಜೊತೆ ಇನ್ನೊಂದು ವಸ್ತುವೂ ಸಕ್ಕರೆ ಇಳಿಸಿದರೆ, ಎರಡೂ ಸೇರಿ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಬೆವರು, ಕೈನಡುಕ, ಎದೆಬಡಿತ, ತಲೆ ಗೊಂದಲ ಇದರ ಲಕ್ಷಣ. ವಯಸ್ಸಾದವರಲ್ಲಿ ರಾತ್ರಿ ನಿದ್ದೆಯಲ್ಲೇ ಆಗಿಬಿಟ್ಟರೆ ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಏಕನಾಯಕದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದರ ಬೇರಿನಲ್ಲಿ ಸಲಾಸಿನಾಲ್ ಎಂಬ ಅಂಶ ಇದೆ. ಶ್ರೀಲಂಕಾದಲ್ಲಿ ಬಳಕೆಯಲ್ಲಿದ್ದ ಏಕನಾಯಕದ ಜಾತಿಯಿಂದ ಜಪಾನಿನ ವಿಜ್ಞಾನಿಗಳು 1997ರಲ್ಲಿ ಅದನ್ನು ಬೇರ್ಪಡಿಸಿದರು. ಅನ್ನ, ಸಕ್ಕರೆ ಇವುಗಳನ್ನು ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆಯುವ ಕಿಣ್ವಗಳನ್ನು ಅದು ತಡೆಯುತ್ತದೆ. ಆದ್ದರಿಂದ ಏಕನಾಯಕ ತಿನ್ನುವವರಿಗೆ ಸಕ್ಕರೆ ಇಳಿದು ತಲೆಸುತ್ತಿದಾಗ ಅಡುಗೆಮನೆಯ ಸಕ್ಕರೆ ಬಾಯಿಗೆ ಹಾಕಿದರೆ ಬೇಗ ಕೆಲಸ ಮಾಡದೇ ಇರಬಹುದು. ಅದೂ ಒಡೆಯಬೇಕಲ್ವಾ? ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಜೇನುತುಪ್ಪ ಆದೀತು, ಅದರಲ್ಲಿ ಗ್ಲೂಕೋಸ್ ಮೊದಲೇ ಒಡೆದ ರೂಪದಲ್ಲಿ ಇರುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ. ಸಲಾಸಿನಾಲ್ ಕೆಲಸ ಮಾಡುವುದು ಕರುಳಿನಲ್ಲಿ, ಅದೂ ಊಟ ಅಲ್ಲಿರುವಾಗ. ಇದೇ ರೀತಿ ಕೆಲಸ ಮಾಡುವ ಅಕಾರ್ಬೋಸ್ ಎಂಬ ಮಾತ್ರೆಯನ್ನು ಊಟದ ಮೊದಲ ತುತ್ತಿನ ಜೊತೆ ನುಂಗಲು ಹೇಳುವುದು ಅದಕ್ಕೇ. ಮಾವನವರು ಖಾಲಿ ಹೊಟ್ಟೆಗೆ ಪುಡಿ ತಿಂದು, ಗಂಟೆ ಕಳೆದು ಕಡುಬೋ ಅಕ್ಕಿರೊಟ್ಟಿಯೋ ತಿಂದರೆ, ಏಕನಾಯಕದಿಂದ ಸಿಗಬಹುದಾದ ಲಾಭವೂ ಕೈತಪ್ಪುತ್ತದೆ. ಹಾಗಂತ ಊಟದ ಜೊತೆ ಶುರುಮಾಡಿ ಅಂತ ನಾನು ಹೇಳುತ್ತಿಲ್ಲ. ಒಂದು ಗಿಡದ ಗುಣ ಗೊತ್ತಿರುವುದು ಬೇರೆ, ಅದನ್ನು ಎಷ್ಟು, ಯಾವಾಗ, ಯಾರಿಗೆ ಕೊಡಬೇಕು ಅಂತ ಗೊತ್ತಿರುವುದು ಬೇರೆ. ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ಹಲವು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು. ಗಿಡದ ಸಾರದಿಂದ ಸಕ್ಕರೆ ಇಳಿಸುವುದು ಕಷ್ಟದ ಕೆಲಸವೇ ಅಲ್ಲ. ಗಟ್ಟಿ ಸಾರ ಮಾಡಿ, ಜಾಸ್ತಿ ಪ್ರಮಾಣದಲ್ಲಿ ಇಲಿಗೆ ಕುಡಿಸಿದರೆ ಎಷ್ಟೋ ಗಿಡಗಳು ಸಕ್ಕರೆ ಇಳಿಸುತ್ತವೆ. ಒಬ್ಬ ಮನುಷ್ಯ ಹತ್ತಿಪ್ಪತ್ತು ವರ್ಷ ದಿನಾ ನುಂಗಬಹುದಾದ, ಪ್ರತಿ ಸಲವೂ ಒಂದೇ ಪರಿಣಾಮ ಕೊಡುವ, ಲಿವರು ಕಿಡ್ನಿ ಕೆಡಿಸದ ವಸ್ತು ಅದು ಅಂತ ತೋರಿಸುವುದು ಕಷ್ಟ. ಹೆಚ್ಚಿನ ಗಿಡಗಳು ಸೋಲುವುದು ಅಲ್ಲಿ. ಇನ್ನೂ ಹೆಚ್ಚಿನವನ್ನು ಅಲ್ಲಿಯವರೆಗೆ ಯಾರೂ ಕರೆದುಕೊಂಡೇ ಹೋಗಿಲ್ಲ.

ದಾರಿ ದಾಟಿ ಬಂದವೂ ಇವೆ. ಮಾವನವರು ನುಂಗುವ ಮೆಟ್‌ಫಾರ್ಮಿನ್ನೇ ಒಂದು. ಯುರೋಪಿನಲ್ಲಿ ಗಲೇಗಾ ಅಫಿಸಿನಾಲಿಸ್ ಎಂಬ ಗಿಡವನ್ನು ನಾಟಿ ಮದ್ದಾಗಿ ಬಳಸುತ್ತಿದ್ದರು. ಅದರಲ್ಲಿ ಗಲೇಗಿನ್ ಎಂಬ ಅಂಶ ಇತ್ತು. ಅದು ಸಕ್ಕರೆ ಇಳಿಸುತ್ತದೆ ಅಂತ ಗೊತ್ತಾಗಿ 1920ರ ದಶಕದಲ್ಲಿ ರೋಗಿಗಳಿಗೆ ಕೊಟ್ಟೂ ನೋಡಿದರು. ಆದರೆ ಅದು ವಿಷಕಾರಿ. ಆ ಗಿಡ ಮೇದ ಕುರಿಗಳೇ ಸಾಯುತ್ತವೆ. ಅದೇ ಗುಂಪಿನ ರಾಸಾಯನಿಕವಾದ ಮೆಟ್‌ಫಾರ್ಮಿನ್ ಅನ್ನು 1922ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಆಗಷ್ಟೇ ಇನ್ಸುಲಿನ್ ಬಂದಿತ್ತು, ಹಾಗಾಗಿ ಇದು ಮೂಲೆಗೆ ಬಿತ್ತು. 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದರು. ಅಮೆರಿಕದ ಅಂಗಡಿಗಳಿಗೆ ಬಂದದ್ದು 1995ರಲ್ಲಿ. ತೂಕ ಜಾಸ್ತಿ ಇರುವ ರೋಗಿಗಳಲ್ಲಿ ಇದು ಹೃದಯಾಘಾತವನ್ನೂ ಕಡಿಮೆ ಮಾಡುತ್ತದೆ ಅಂತ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿದ್ದು 1998ರಲ್ಲಿ.

ಇದರ ಅಣ್ಣತಮ್ಮನಂತಿದ್ದ ಫೆನ್‌ಫಾರ್ಮಿನ್ ಕಥೆ ಬೇರೆಯೇ. ಅದು ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿತ್ತು. ಆದರೆ ಕೆಲವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವ ಹೋಗುತ್ತಿತ್ತು. 1970ರ ದಶಕದ ಕೊನೆಗೆ ಹಲವು ದೇಶಗಳು ಅದನ್ನು ಹಿಂತೆಗೆದುಕೊಂಡವು. ಇಲಿಯಲ್ಲಿ ನಾಲ್ಕು ವಾರ ನೋಡಿದ್ದರೆ ಎರಡೂ ಒಂದೇ ಥರ ಕಾಣುತ್ತಿದ್ದವು.

ಸೇಬಿನ ಮರದ್ದು ಇನ್ನೊಂದು ಕಥೆ, ನನಗೆ ಇದು ತುಂಬಾ ಇಷ್ಟ. ಅದರ ಬೇರಿನ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಎಂಬ ಕಹಿ ಅಂಶ ತೆಗೆದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹರಿದುಹೋಗುತ್ತದೆ ಅಂತ ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಾಯಿತು. ಕಿಡ್ನಿ ಸಕ್ಕರೆಯನ್ನು ವಾಪಸ್ ಹೀರುವ ಬಾಗಿಲನ್ನು ಅದು ಮುಚ್ಚುತ್ತದೆ. ಆದರೆ ಬಾಯಿಯಿಂದ ಕೊಟ್ಟರೆ ಕರುಳಿನಲ್ಲೇ ಒಡೆದುಹೋಗುತ್ತದೆ, ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಜೊತೆಗೆ ಕರುಳಿನಲ್ಲಿರುವ ಅಂಥದೇ ಬಾಗಿಲನ್ನೂ ಮುಚ್ಚುತ್ತದೆ. ರಸಾಯನ ವಿಜ್ಞಾನಿಗಳು ಅದರ ರಚನೆಯನ್ನು ಬದಲಿಸಿ, ಕರುಳಿನಲ್ಲಿ ಒಡೆಯದ, ಕಿಡ್ನಿಯ ಬಾಗಿಲನ್ನೇ ಹೆಚ್ಚಾಗಿ ಮುಚ್ಚುವ ಅಣುಗಳನ್ನು ಕಟ್ಟಿದರು. ಹಾಗೆ ಬಂದದ್ದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಡಪಾಗ್ಲಿಫ್ಲೋಜಿನ್‌ಗೆ ಯುರೋಪಿನಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ತೊಗಟೆಯಿಂದ ಮಾತ್ರೆಗೆ ಬರಲು 177 ವರ್ಷ. ಈಗ ನಮ್ಮ ಊರಿನ ಮೆಡಿಕಲ್ ಶಾಪುಗಳಲ್ಲೂ ಈ ಮಾತ್ರೆಗಳು ಸಿಗುತ್ತವೆ. ಗಿಡ ದಾರಿ ತೋರಿಸಿತು, ಕೊನೆಗೆ ರೋಗಿಯ ಕೈಗೆ ಬಂದ ಅಣು ಗಿಡದಲ್ಲಿ ಇದ್ದದ್ದಲ್ಲ.

ಈಗ ಮಗಳ ಕಾಲೇಜಿನ ಇಲಿಗಳ ವಿಷಯ. ಆ ಫಲಿತಾಂಶ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಯಾವ ಪ್ರಶ್ನೆಗೆ ಉತ್ತರ ಅನ್ನುವುದನ್ನು ನೋಡಬೇಕು.

ಸಾಮಾನ್ಯವಾಗಿ ಇಲಿಗಳಿಗೆ ಸ್ಟ್ರೆಪ್ಟೊಜೊಟೊಸಿನ್ ಎಂಬ ವಿಷ ಚುಚ್ಚುತ್ತಾರೆ. ಅದು ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಸಕ್ಕರೆ ಏರುತ್ತದೆ. ಆದರೆ ಮಾವನವರ ಕಾಯಿಲೆ ಹಾಗೆ ಬಂದದ್ದಲ್ಲ. ಅವರದು ಟೈಪ್ 2. ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದೆ, ವರ್ಷಗಳ ಮೇಲೆ ಕೋಶಗಳು ಸೋತು ಬಂದದ್ದು. ವಿಷ ಚುಚ್ಚಿದ ಇಲಿ ಟೈಪ್ 1ಕ್ಕೆ ಹತ್ತಿರ. ಕೊಬ್ಬಿನ ಆಹಾರ ಕೊಟ್ಟು, ಆಮೇಲೆ ಕಡಿಮೆ ಪ್ರಮಾಣದ ವಿಷ ಕೊಡುವ ವಿಧಾನ ಟೈಪ್ 2ಕ್ಕೆ ಸ್ವಲ್ಪ ಹತ್ತಿರ ಬರುತ್ತದೆ. ಇನ್ನು, ಸಾರವನ್ನು ವಿಷಕ್ಕಿಂತ ಮೊದಲೇ ಕೊಟ್ಟಿದ್ದರೆ ಅಲ್ಲಿ ಪರೀಕ್ಷೆ ಆದದ್ದೇ ಬೇರೆ. ವಿಷದ ಹೊಡೆತದಿಂದ ಕೋಶಗಳನ್ನು ಕಾಪಾಡಿತೇ ಅಂತ ನೋಡಿದ್ದಾರೆ. ಹಳೆಯ ಕಾಯಿಲೆ ಇಳಿಯಿತೇ ಅಂತ ನೋಡಿಲ್ಲ.

ಹೊಟ್ಟೆಯ ಲೆಕ್ಕವನ್ನಂತೂ ಬಹಳ ಜನ ಬಿಟ್ಟೇಬಿಡುತ್ತಾರೆ. ಕಹಿ ಸಾರವನ್ನು ನಳಿಕೆಯಿಂದ ಹೊಟ್ಟೆಗೆ ಬಿಟ್ಟರೆ ಇಲಿ ಆಹಾರ ಬಿಡಬಹುದು. ತಿನ್ನದ ಇಲಿಯಲ್ಲಿ ಸಕ್ಕರೆ ಇಳಿಯಲೇಬೇಕು. ಸಾರ ಕೊಟ್ಟ ಇಲಿ ಎಷ್ಟು ತಿಂದಿತೋ, ಅಷ್ಟೇ ಆಹಾರವನ್ನು ಸಾರ ಇಲ್ಲದ ಇನ್ನೊಂದು ಗುಂಪಿಗೂ ಕೊಟ್ಟು ಹೋಲಿಸಿದ್ದಾರಾ? ಮಗಳು ಇದೊಂದನ್ನು ವಿಚಾರಿಸಲಿ.

ಆಮೇಲೆ ಪ್ರಮಾಣ. ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ ಅಂತ ಎಷ್ಟೋ ಪ್ರಬಂಧಗಳಲ್ಲಿ ನೋಡುತ್ತೇವೆ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ತರುವಾಗ ಸುಮಾರು 6.2ರಿಂದ ಭಾಗಿಸುತ್ತೇವೆ. ಅಂದರೆ ಕಿಲೋಗೆ ಸುಮಾರು 65 ಮಿಲಿಗ್ರಾಂ. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ ಹತ್ತಿರಹತ್ತಿರ ನಾಲ್ಕು ಗ್ರಾಂ. ಇದು ಎಲೆಯ ತೂಕ ಅಲ್ಲ, ಗಟ್ಟಿ ಸಾರದ ತೂಕ. ಹತ್ತು ಗ್ರಾಂ ಒಣ ಎಲೆಯಿಂದ ಒಂದು ಗ್ರಾಂ ಸಾರ ಬರುತ್ತದೆ ಅಂತ ಇಟ್ಟುಕೊಂಡರೆ ದಿನಕ್ಕೆ ನಲವತ್ತು ಗ್ರಾಂ ಒಣಪುಡಿ ಬೇಕು. ಎರಡು ಚಮಚ ಪುಡಿ ಎಲ್ಲಿ, ಇದು ಎಲ್ಲಿ! ಆ ಸಾರವನ್ನು ಆಲ್ಕೋಹಾಲಿನಲ್ಲಿ ತೆಗೆದಿದ್ದರೆ, ನೀರಿನಲ್ಲಿ ಕುದಿಸಿದ ಕಷಾಯದಲ್ಲಿ ಅದೇ ಅಂಶಗಳು ಬರುತ್ತವೆ ಅಂತಲೂ ಇಲ್ಲ.

ಇಲಿಯಿಂದ ಮನುಷ್ಯರಿಗೆ ದಾಟುವಾಗ ಏನಾಗುತ್ತದೆ ಅನ್ನುವುದಕ್ಕೆ ಕೊಡಗಿನ ಅಡುಗೆಮನೆಯಲ್ಲೇ ಉದಾಹರಣೆ ಇದೆ. ಪಂದಿಕರಿಗೆ ಹಾಕುವ ಕಾಚಂಪುಳಿ ಗಾರ್ಸೀನಿಯಾ ಎಂಬ ಕಾಡುಹುಳಿ ಹಣ್ಣಿನ ರಸವನ್ನು ಕುದಿಸಿ ಇಂಗಿಸಿದ್ದು. ಆ ಹಣ್ಣಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ದೇಹ ಸಕ್ಕರೆಯಂಶದಿಂದ ಕೊಬ್ಬು ತಯಾರಿಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಇಲಿಗಳು ಕಡಿಮೆ ತಿಂದವು, ತೂಕ ಇಳಿಯಿತು. ಪ್ರಪಂಚದ ತುಂಬ ಗಾರ್ಸೀನಿಯಾ ಕ್ಯಾಪ್ಸೂಲ್ ಮಾರಾಟ ಶುರುವಾಯಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಸರಿಯಾದ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ಅಸಲಿ, ಅರ್ಧ ಜನಕ್ಕೆ ಸುಳ್ಳು ಗುಳಿಗೆ, ಅಂದರೆ ನೋಡಲು ಅದೇ ಥರ ಇರುವ, ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಅಸಲಿ ಗುಳಿಗೆಯವರು ಹೆಚ್ಚೇನೂ ತೂಕ ಇಳಿಸಿಕೊಂಡಿರಲಿಲ್ಲ. ಮುಂದೆ ಅಂಥ ಕ್ಯಾಪ್ಸೂಲ್ ತಿಂದವರಲ್ಲಿ ಕೆಲವರ ಲಿವರಿಗೆ ಪೆಟ್ಟಾದ ವರದಿಗಳೂ ಬಂದವು. ಕರಿಗೆ ಒಂದು ಚಮಚ ಕಾಚಂಪುಳಿ ಹಾಕುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೆದರಬೇಡಿ.

ಸುಳ್ಳು ಗುಳಿಗೆ ಯಾಕೆ ಬೇಕು ಅಂತ ನೀವು ಕೇಳಬಹುದು. ಮಾವನವರ ಶುಗರ್ ಇಳಿದಿದೆಯಲ್ಲ, ಅದು ಕಣ್ಣಿಗೆ ಕಾಣುವ ಸತ್ಯ ಅಲ್ವಾ? ಇಳಿದದ್ದು ಸತ್ಯ. ಯಾವುದರಿಂದ ಇಳಿಯಿತು ಅನ್ನುವುದು ಗೊತ್ತಿಲ್ಲ. ಜನ ಹೊಸ ಮದ್ದು ಶುರುಮಾಡುವುದು ಶುಗರ್ ತೀರಾ ಏರಿದಾಗ. ಏರಿದ ಅಂಕಿ ಮುಂದಿನ ಸಲ ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಹೆದರಿಕೆಯಿಂದ ಅನ್ನ ಕಡಿಮೆ ಮಾಡುತ್ತಾರೆ, ಕಾಫಿಗೆ ಸಕ್ಕರೆ ಬಿಡುತ್ತಾರೆ, ತೋಟದಲ್ಲಿ ಎರಡು ಸುತ್ತು ಜಾಸ್ತಿ ನಡೆಯುತ್ತಾರೆ. ಮಾತ್ರೆಯನ್ನೂ ಮರೆಯದೆ ನುಂಗುತ್ತಾರೆ. ಕೀರ್ತಿ ಪುಡಿಗೆ ಹೋಗುತ್ತದೆ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ ಇವನ್ನೆಲ್ಲ ಬಿಡಿಸಿ ನೋಡಲು ಆಗುವುದೇ ಇಲ್ಲ.

ನಮ್ಮ ದೇಶದ ಕೆಲಸವನ್ನೇ ತೆಗೆದುಕೊಳ್ಳಿ. ಹೊನ್ನೆ ಮರದ ತಿರುಳಿನ ಲೋಟದಲ್ಲಿ ನೀರಿಟ್ಟು ಕುಡಿಯುವುದು ನಿಮಗೆ ಗೊತ್ತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಹೊನ್ನೆಯ ಸಾರವನ್ನು ಪರೀಕ್ಷಿಸಿ 1998ರಲ್ಲಿ ವರದಿ ಕೊಟ್ಟಿತು. 12 ವಾರದಲ್ಲಿ 97 ಜನರಲ್ಲಿ 67 ಜನರ ಶುಗರ್ ಹಿಡಿತಕ್ಕೆ ಬಂತು. ಒಳ್ಳೆಯ ಸುದ್ದಿ. ಆದರೆ ಆ ಹಂತದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಕಾಯಿಲೆ ಹೊಸದಾಗಿ ಗೊತ್ತಾದವರು, ಔಷಧಿ ಶುರುಮಾಡಿರದವರು ಆ ರೋಗಿಗಳು. ಮಾವನವರಂತೆ ವರ್ಷಗಳಿಂದ ಎರಡು ಮಾತ್ರೆ ನುಂಗುತ್ತಿರುವವರಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಮಧುನಾಶಿನಿಯದ್ದೂ ಹೀಗೆಯೇ. 1990ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನದಲ್ಲಿ 22 ಜನ ಮಾತ್ರೆಯ ಜೊತೆ ಮಧುನಾಶಿನಿ ಸಾರ ತೆಗೆದುಕೊಂಡರು, ಕೆಲವರು ಮಾತ್ರೆ ಬಿಡುವ ಮಟ್ಟಕ್ಕೂ ಬಂದರು. ಎಲ್ಲರೂ ಹೇಳುವುದು ಆ ಕೆಲವರ ಕಥೆ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿರಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಹಾಗಲಕಾಯಿಯ ಮೇಲೆ ಗುಂಪು ಮಾಡಿ ನಡೆಸಿದ ನಾಲ್ಕು ಪರೀಕ್ಷೆಗಳನ್ನು 2012ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಒಟ್ಟು 479 ಜನ. ಸುಳ್ಳು ಗುಳಿಗೆಗಿಂತ ಹಾಗಲ ಮೇಲು ಅಂತ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಪಲ್ಯಕ್ಕೆ ಹಾಗಲ ಒಳ್ಳೆಯದೇ. ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ.

ಇನ್ಸುಲಿನ್ ಗಿಡ ಅಂತ ಮನೆಮನೆಯ ಅಂಗಳದಲ್ಲಿ ಬೆಳೆಸುತ್ತಾರಲ್ಲ, ಅದರ ಬಗ್ಗೆ ಒಂದೇ ಮಾತು. ಅದು ದಕ್ಷಿಣ ಅಮೆರಿಕದಿಂದ ಬಂದ ಗಿಡ. ಇನ್ಸುಲಿನ್ ಎಂಬುದು ಪ್ರೋಟೀನ್, ಬಾಯಿಗೆ ಹಾಕಿದರೆ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಅದನ್ನು ಚುಚ್ಚಿಕೊಳ್ಳಬೇಕಾಗಿದೆ.

ಪುಡಿಯ ಬಗ್ಗೆ ನನಗಿರುವ ದೊಡ್ಡ ಭಯ ಬೇರೆ. ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲ. ಅಂತರ್ಜಾಲದಲ್ಲಿ ಮಾರುವ ಆಯುರ್ವೇದ ಉತ್ಪನ್ನಗಳ ಬಗ್ಗೆ 2008ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನದಲ್ಲಿ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಶುಗರ್ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಇಂಗ್ಲಿಷ್ ಮಾತ್ರೆಯನ್ನೇ ಕುಟ್ಟಿ ಬೆರೆಸಿದ್ದು ಬೇರೆಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಆದ್ದರಿಂದ ಗುರುತಿಲ್ಲದ ಒಂದು ಪುಡಿ ಕೆಲವೇ ದಿನಗಳಲ್ಲಿ ಶುಗರ್ ಅನ್ನು ಜೋರಾಗಿ ಇಳಿಸಿದರೆ ನಾನು ಸಂತೋಷಪಡುವುದಿಲ್ಲ, ಅನುಮಾನ ಪಡುತ್ತೇನೆ. ಗಿಡವೇ ಆದರೂ ಅದು ಹೇಳಿದ ಗಿಡವೇ ಹೌದಾ? ಏಕನಾಯಕದಲ್ಲೇ ಹಲವು ಜಾತಿ ಇದೆ. ಒಣಗಿಸಿ ಕುಟ್ಟಿದ ಬೇರು ನೋಡಿ ಯಾವುದು ಯಾವುದೆಂದು ಕಣ್ಣಿನಿಂದ ಹೇಳಲು ಆಗುವುದಿಲ್ಲ. ಅಮೃತಬಳ್ಳಿ ತಿಂದ ಆರು ಜನರಿಗೆ ಲಿವರ್ ತೊಂದರೆ ಬಂದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದಾಗ, ಅವರು ತಿಂದದ್ದು ಅಸಲಿ ಅಮೃತಬಳ್ಳಿಯೇ ಅಥವಾ ಅದನ್ನೇ ಹೋಲುವ ಇನ್ನೊಂದು ಬಳ್ಳಿಯೇ ಅಂತ ದೊಡ್ಡ ವಾದವೇ ನಡೆಯಿತು. ಮಾವನವರ ಲಿವರ್, ಕಿಡ್ನಿ ಪರೀಕ್ಷೆಯನ್ನೂ ಈ ಸಲ ಮಾಡಿಸಿಬಿಡಿ. ಪುಡಿಯ ಡಬ್ಬಿಯನ್ನು ಡಾಕ್ಟರ ಮುಂದೆ ಇಡಿ.

ಕಂಪನಿಗಳು ತಡೆಯುತ್ತಿವೆಯಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ. ಸೇಬಿನ ತೊಗಟೆಯಿಂದ ಅವು ಎಷ್ಟು ದುಡಿದವು ಅಂತ ನೋಡಿದರೆ, ಇನ್ನೊಂದು ಸುಳಿವು ಸಿಕ್ಕಿದರೆ ಬಿಡುವವರಲ್ಲ ಅಂತ ಗೊತ್ತಾಗುತ್ತದೆ. ತೊಂದರೆ ಇರುವುದು ಹಣದಲ್ಲಿ. ಪ್ರಕೃತಿಯಲ್ಲಿ ಇರುವ ವಸ್ತುವಿಗೆ, ಜನರಿಗೆ ಪರಂಪರೆಯಿಂದ ಗೊತ್ತಿರುವ ಜ್ಞಾನಕ್ಕೆ ನಮ್ಮ ಕಾಯಿದೆ ಪೇಟೆಂಟ್ ಕೊಡುವುದಿಲ್ಲ. ಅದು ಸರಿಯಾದ ಕಾಯಿದೆ. ಜೇನುಕುರುಬರಿಗೋ ಯರವರಿಗೋ ತಲೆಮಾರುಗಳಿಂದ ಗೊತ್ತಿರುವುದನ್ನು ಯಾರೋ ತಮ್ಮದೆಂದು ಬರೆಸಿಕೊಳ್ಳಬಾರದು. ಆದರೆ ಸಾವಿರಾರು ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಲು ಕೋಟಿಗಟ್ಟಲೆ ಬೇಕು. ಪೇಟೆಂಟ್ ಇಲ್ಲದ ಗಿಡಕ್ಕೆ ಖಾಸಗಿಯವರು ಅಷ್ಟು ಹಾಕುವುದಿಲ್ಲ. ಅಲ್ಲಿ ಸರ್ಕಾರದ ಹಣವೇ ಬೇಕು, ಮತ್ತು ಅದು ಸಾಲುತ್ತಿಲ್ಲ ಅನ್ನುವುದು ನನ್ನ ದೂರು. ದಾರಿಯಂತೂ ಇದೆ. 2015ರಲ್ಲಿ ನಮ್ಮ ಔಷಧಿ ನಿಯಮಗಳಲ್ಲಿ ಸಸ್ಯಜನ್ಯ ಔಷಧಿಗೆ ಪ್ರತ್ಯೇಕ ವಿಭಾಗ ಮಾಡಿದರು. ಒಂದೇ ಅಣು ಬೇರ್ಪಡಿಸಬೇಕು ಅಂತ ಇಲ್ಲ. ಶುದ್ಧಮಾಡಿದ ಸಾರದಲ್ಲಿ ಕನಿಷ್ಠ ನಾಲ್ಕು ಅಂಶಗಳ ಗುರುತು, ಪ್ರಮಾಣ ತೋರಿಸಿದರೆ ಸಾಕು. ಆಮೇಲೆ ಮಾತ್ರ ಸುರಕ್ಷತೆ, ಪರಿಣಾಮ ಎಲ್ಲವನ್ನೂ ಹೊಸ ಔಷಧಿಯಂತೆಯೇ ಸಾಬೀತು ಮಾಡಬೇಕು.

ಇನ್ನು ಮಗಳ ಪ್ರಾಜೆಕ್ಟ್. ಅರ್ಥ ಇದೆ, ಖಂಡಿತ ಇದೆ. ಆದರೆ ಇಲಿ ಬೇಡ. ಇನ್ನೊಂದು ಇಲಿ ಪ್ರಬಂಧದಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ.

ಮದ್ದುಸೊಪ್ಪಿನ ಬಗ್ಗೆ ಕೊಡಗಿನ ಜನ ಒಂದು ಖಚಿತವಾದ ಮಾತು ಹೇಳುತ್ತಾರೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರದ ಹೊತ್ತಿಗೆ, ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಅಂತ. ಆ ದಿನ ಸೊಪ್ಪು ಬೇಯಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ, ಪುಟ್ಟು ಮಾಡುತ್ತಾರೆ. ಇದನ್ನು ನಂಬಿಕೆ ಅಂತ ತಳ್ಳಿಹಾಕುವ ಬದಲು ಪರೀಕ್ಷೆ ಮಾಡಬಹುದಾದ ಮಾತು ಅಂತ ತೆಗೆದುಕೊಂಡರೆ ಎಷ್ಟು ಚೆನ್ನಾಗಿರುತ್ತದೆ! ಒಂದೇ ಜಾಗದ ಅದೇ ಗಿಡಗಳಿಂದ ಮೇ, ಜೂನ್, ಜುಲೈ, ಕಕ್ಕಡ ಹದಿನೆಂಟು, ಸೆಪ್ಟೆಂಬರ್, ನವೆಂಬರ್ ಹೀಗೆ ಎಲೆ ತರಲಿ. ಒಂದೇ ಜಾಗ ಸಾಲದು, ಮಳೆ ಜಾಸ್ತಿ ಇರುವ ಭಾಗಮಂಡಲದ ಕಡೆ ಒಂದು, ಮಳೆ ಕಡಿಮೆ ಇರುವ ಕಡೆ ಒಂದು ಇರಲಿ. ಅಂಶಗಳ ಪ್ರಮಾಣ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆ ಅಂತ, ಅಂಶಗಳನ್ನು ಬಿಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಅಳೆಯಲಿ. ಡಬ್ಬಿಗಳ ಮೇಲೆ ಬರೀ ಸಂಖ್ಯೆ ಇರಲಿ, ಅಳೆಯುವವರಿಗೆ ಯಾವುದು ಕಕ್ಕಡದ್ದು ಅಂತ ಗೊತ್ತಿರಬಾರದು. ಉತ್ತರ ಹೌದು ಬಂದರೂ ಇಲ್ಲ ಬಂದರೂ ಅದು ಕೊಡಗಿಗೆ ಬೇಕಾದ ಉತ್ತರ.

ಮದ್ದುಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಎಲ್ಲರಿಗೂ ಗೊತ್ತು. ಔಷಧ ವಿಜ್ಞಾನದವರಿಗೆ ಇದು ಸಣ್ಣ ಸಂಗತಿಯಲ್ಲ. ಆ ಬಣ್ಣದ ಅಂಶವೋ ಅದರಿಂದ ಆದ ಇನ್ನೊಂದು ವಸ್ತುವೋ ಕರುಳು ದಾಟಿ, ರಕ್ತ ಸೇರಿ, ಕಿಡ್ನಿಯವರೆಗೆ ಬಂದಿದೆ ಅಂತ ಅರ್ಥ. ಫ್ಲೋರಿಜಿನ್ ಎಡವಿದ ಮೆಟ್ಟಿಲನ್ನು ಅದು ದಾಟಿದೆ. ಸಕ್ಕರೆಗೂ ಅದಕ್ಕೂ ಸಂಬಂಧ ಇದೆ ಅಂತ ಇದರಿಂದ ಹೇಳಲಾಗದು. ಮತ್ತೆ, ಮಾವನವರು ಆ ದಿನ ಬೆಲ್ಲ, ತೆಂಗಿನಹಾಲು ಹಾಕಿದ ಪಾಯಸವನ್ನು ಮದ್ದು ಅಂತ ಬಟ್ಟಲುಗಟ್ಟಲೆ ತಿನ್ನಬಾರದು. ರುಚಿಗೆ ಎರಡು ಚಮಚ ಸಾಕು.

ಸಕ್ಕರೆಯ ಕಡೆಗೂ ನೋಡಬೇಕು ಅಂತ ಮಗಳಿಗೆ ಆಸೆ ಇದ್ದರೆ ಕಿಣ್ವದ ಪರೀಕ್ಷೆ ಮಾಡಲಿ, ಆದರೆ ಎಚ್ಚರಿಕೆಯಿಂದ. ಹೆಚ್ಚಿನ ಕಾಲೇಜುಗಳಲ್ಲಿ ಸಕ್ಕರೆ ಒಡೆಯುವ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವದ ಪರೀಕ್ಷೆಗೆ ಯೀಸ್ಟಿನ ಕಿಣ್ವ ಬಳಸುತ್ತಾರೆ, ಅದು ಅಗ್ಗ. ಅಕಾರ್ಬೋಸ್ ಮಾತ್ರೆ ಯೀಸ್ಟಿನ ಕಿಣ್ವವನ್ನು ಸರಿಯಾಗಿ ತಡೆಯುವುದೇ ಇಲ್ಲ, ನಮ್ಮ ಕರುಳಿನ ಕಿಣ್ವವನ್ನು ಚೆನ್ನಾಗಿ ತಡೆಯುತ್ತದೆ. ಹೀಗಾಗಿ ಯಾವ ಸೊಪ್ಪು ಹಾಕಿದರೂ ಅದು ಅಕಾರ್ಬೋಸಿಗಿಂತ ನೂರು ಪಟ್ಟು ಮೇಲು ಅಂತ ಕಾಣುತ್ತದೆ. ಇಲಿಯ ಕರುಳಿನಿಂದ ತೆಗೆದ ಕಿಣ್ವದ ಪುಡಿ ಕೊಳ್ಳಲು ಸಿಗುತ್ತದೆ, ಅದನ್ನು ಬಳಸಲಿ. ಇನ್ನೊಂದು ಕಳ್ಳ ಅಂದರೆ ಟ್ಯಾನಿನ್. ಪೇರಲೆ ಎಲೆ, ಮಾವಿನ ಎಲೆಗಳಲ್ಲಿರುವ ಒಗರು ಅಂಶ. ಅದು ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಯಾವ ಕಿಣ್ವವನ್ನಾದರೂ ನಿಲ್ಲಿಸುತ್ತದೆ. ಸಾರದಿಂದ ಟ್ಯಾನಿನ್ ತೆಗೆದು ಮತ್ತೆ ಪರೀಕ್ಷೆ ಮಾಡಲಿ. ಆಮೇಲೂ ತಡೆ ಉಳಿದರೆ ಅಲ್ಲಿ ಏನೋ ಇದೆ.

ಪ್ರತಿ ಸಂಗ್ರಹಕ್ಕೂ ಹೂವಿನ ಸಮೇತ ಒಂದು ಒಣ ಮಾದರಿ ಗಿಡ ಸಂಗ್ರಹಾಲಯದಲ್ಲಿ ಇರಬೇಕು, ಅದು ಮದ್ದುಸೊಪ್ಪು, ಅಂದರೆ ಜಸ್ಟಿಸಿಯಾ ವಯನಾಡೆನ್ಸಿಸ್ ಹೌದು ಅಂತ ಸಸ್ಯಶಾಸ್ತ್ರದವರು ಗುರುತಿಸಬೇಕು. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಿದರೆ ಈ ಕೆಲಸಕ್ಕೆ ದಾರಿ ಸಿಕ್ಕೀತು. ದೇವರಕಾಡಿನಿಂದ ಎಲೆ ತರುವುದಾದರೆ ಊರಿನವರ ಒಪ್ಪಿಗೆ ಮೊದಲು, ಅರಣ್ಯ ಇಲಾಖೆಯದ್ದೂ ಬೇಕು. ಎಲೆ ಮಾತ್ರ ಕೀಳಲಿ, ಗಿಡ ಹಾಗೇ ಉಳಿಯುತ್ತದೆ. ಏಕನಾಯಕದ ಬೇರು ಅಗೆದಂತೆ ಆಗಬಾರದು. ಅದನ್ನು ಅಗೆದರೆ ಗಿಡವೇ ಹೋಯಿತು, ನಮ್ಮ ಘಟ್ಟದಲ್ಲಿ ಅದು ಈಗಾಗಲೇ ಕಡಿಮೆಯಾಗುತ್ತಿದೆ. ಕಕ್ಕಡಕ್ಕೆ ಹೋಲಿಸಲು ಮಳೆಗಾಲಕ್ಕಿಂತ ಮುಂಚಿನ ಎಲೆ ಬೇಕೇ ಬೇಕು. ಆದ್ದರಿಂದ ಮಾರ್ಗದರ್ಶಕರ ಜೊತೆ ಮಾತುಕತೆ ಏಪ್ರಿಲ್ ಒಳಗೆ ಮುಗಿಸಿ, ಮೊದಲ ಸಂಗ್ರಹ ಮೇ ತಿಂಗಳಲ್ಲೇ ಮಾಡಲಿ.